ಮೂರನೇ ತಿರುವಿನ ಹೆಜ್ಜೆ

ಮುಂದಿನ ಕಾರಿನ ಟೈರಿಗೆ ಕೆಂಪು ಮಣ್ಣು ಮೆತ್ತಿಕೊಂಡಿದೆ, ಕೋಲಿಗೆ ಅಂಟಿದ ಮುದ್ದೆಯ ಹಿಟ್ಟಿನ ಹಾಗೆ, ಮೆತ್ತಬಾರದು, ನಿನ್ನೆ ಮೆತ್ತಿರಲಿಲ್ಲ, ನಿನ್ನೆ ಇದೇ ಮಣ್ಣು ಪುಡಿಯಾಗಿ ಹಾರಿ ಹಲ್ಲಿನ ಸಂದಿಯಲ್ಲಿ ಕೂತು ಕರಕರ ಎನ್ನುತ್ತಿತ್ತು, ಆ ಕರಕರ ಮಾದೇಶನಿಗೆ ಆಗುವುದೇ ಇಲ್ಲ, ಶರ್ಟಿನ ಕಾಲರಿನೊಳಗಿನ ಚೀಟಿ ಆಗದ ಹಾಗೆ, ಮಿಕ್ಸಿಯ ಸದ್ದು ಆಗದ ಹಾಗೆ — ಆದರೂ ನಿನ್ನೆಯದು ಗೊತ್ತಿದ್ದ ಮಣ್ಣು. ಶನಿವಾರ ಬೆಳಗ್ಗೆ ಪ್ರಾಕ್ಟೀಸಿಗೆ ಮುಂಚೆ ಟ್ರ್ಯಾಕನ್ನು ಮೂರು ಸಲ ನಡೆದಿದ್ದ, ಮೂರು ಸಲವೂ ಎಂಟುನೂರ ಹನ್ನೆರಡು ಹೆಜ್ಜೆ, ಗಾವಡಗೆರೆಯ ಹತ್ತಿರ ಹೊಗೆಸೊಪ್ಪು ಮುಗಿದು ಖಾಲಿ ಬಿದ್ದ ಹೊಲ ಇದು, ಮೈಸೂರಿನ ಕ್ಲಬ್ಬಿನವರು ಮಟ್ಟ ಹೊಡೆಸಿ, ಹಳೇ ಟೈರುಗಳಿಗೆ ಸುಣ್ಣ ಬಳಿದು ತಿರುವಿಗೊಂದು ಇಟ್ಟಿದ್ದಾರೆ, ಒಂದನೇ ತಿರುವಿನಲ್ಲಿ ಕಲ್ಲುಹರಳು ಕಾರಿನ ತಳಕ್ಕೆ ಚಟಚಟ ಬಡಿಯುತ್ತವೆ, ಎರಡನೆಯದರಲ್ಲಿ ಸದ್ದೇ ಇಲ್ಲ, ಮೂರನೆಯದು ಎಡಕ್ಕೆ, ಅಲ್ಲಿ ಎಲ್ಲರೂ ದೂರದಿಂದ ಬಳಸಿಕೊಂಡು ಹೋಗುತ್ತಾರೆ, ಅವನೊಬ್ಬನೇ ಸುಣ್ಣದ ಟೈರಿಗೆ ಒಂದು ಗೇಣು ಬಿಟ್ಟು ತಿರುಗುತ್ತಾನೆ, ನಿನ್ನೆ ಆರು ಸುತ್ತು ಹೊಡೆದ, ಆರರಲ್ಲೂ ಅದೇ ಒಂದು ಗೇಣು, ಬಾವುಟ ಹಿಡಿಯುವ ಕೃಷ್ಣಕುಮಾರ್ ಬಗ್ಗಿ ಟೈರಿನ ಗುರುತು ನೋಡಿ, ಏನ್ರೀ ಇದು, ಆರು ಸಲ ಹೋದ್ರೂ ಒಂದೇ ಗೆರೆ, ರೂಲು ದೊಣ್ಣೆ ಇಟ್ಟು ಎಳೆದ ಹಾಗಿದೆ ಅಂದರು, ಸೋದರಮಾವ ಕನಕರಾಜು ಮೀಸೆ ಉಜ್ಜಿಕೊಂಡು ನಕ್ಕ, ನಮ್ಮ ಅಳಿಯ ಮಾತಾಡಾದು ಕಮ್ಮಿ ಸಾ, ಗೀಟು ಎಳೆಯೋದು ಜಾಸ್ತಿ.

ನಿನ್ನೆ ನಕ್ಕ ಮಾವ ಇವತ್ತು ನಗುತ್ತಿಲ್ಲ, ಹಗ್ಗದ ಆಚೆ ನಿಂತು ಬೀಡಿಯನ್ನು ಹಚ್ಚದೆ ಬೆರಳಿನಲ್ಲಿ ತಿರುಗಿಸುತ್ತಿದ್ದಾನೆ, ಹುಣಸೂರಿನಲ್ಲಿ ಮಾವನ ಗ್ಯಾರೇಜು, ಈ ಮಾರುತಿ ಮಾವನದು, ಹಿಂದಿನ ಸೀಟು ಕಿತ್ತು, ಕಬ್ಬಿಣದ ಪೈಪು ಬೆಸೆದು ರೇಸಿಗೆ ಅಂತ ಮಾಡಿಕೊಟ್ಟವನು ಅವನೇ, ಕೀ ಕೊಟ್ಟವನೂ ಅವನೇ, ಕೀ ವಾಪಸು ಇಸಕೊಳ್ಳುತ್ತೀನಿ ಅಂದವನೂ ಅವನೇ. ಶುಕ್ರವಾರ ಆಯಿಲ್ ಬದಲಿಸುತ್ತಾ ಹೇಳಿದ, ಕಾರಿನ ಕೆಳಗಿನಿಂದ, ಮುಖ ಕಾಣಿಸದ ಹಾಗೆ, ಮುಖ ಕಾಣಿಸದಿದ್ದರೆ ಮಾತು ಸರಿಯಾಗಿ ಕೇಳಿಸುತ್ತದೆ ಅನ್ನುವುದು ಮಾವನಿಗೆ ಗೊತ್ತು — ನೋಡ್ಲಾ ಅಳಿಯ, ಹೋದ್ಸಲ ಕೋಟೆ ರೇಸಲ್ಲಿ ಏನು ಮಾಡ್ದೆ, ಸೀಟಿ ಕೂಗ್ತು ಅಂತ ಟ್ರ್ಯಾಕ್ ಮಧ್ಯ ಗಾಡಿ ನಿಲ್ಲಿಸಿ ಕಿವಿ ಮುಚ್ಕಂಡೆ, ಹಿಂದ್ಲಿಂದ ಬರೋನು ಒಂಚೂರು ಯಾಮಾರಿದ್ರೆ ಏನಾಗದು, ನಿಮ್ಮವ್ವಂಗೆ ನಾನು ಯಾವ ಮೊಕ ತೋರಿಸ್ಲಿ, ಈ ಸಲ ಎರಡು ಸುತ್ತೂ ನಿಲ್ದೆ ಮುಗಿಸಿದ್ರೆ ಗಾಡಿ ನಿಂದು, ನಿಂತ್ಯೋ, ಸೋಮವಾರ ಗಾಡಿ ಕೊಳ್ಳಾಕೆ ಕೇಳಿರೋ ಪಿರಿಯಾಪಟ್ಟಣದೋರು ಬಂದು ಹೊಡ್ಕಂಡು ಓಯ್ತಾರೆ, ನಾನು ಅಡ್ಡ ಬರಾಕಿಲ್ಲ. ಸೋಮವಾರ ಅಂದರೆ ನಾಳೆ. ನಾಳೆ ಗ್ಯಾರೇಜಿನಲ್ಲಿ ಮಾರುತಿ ನಿಲ್ಲುವ ಜಾಗ ಖಾಲಿ ಇರಬಹುದು, ಆಯಿಲ್ ತೊಟ್ಟಿಕ್ಕಿದ ಕಪ್ಪು ಗುರುತು ಮಾತ್ರ ಇರಬಹುದು, ಬೇಡ, ಅದನ್ನು ಯೋಚಿಸಬಾರದು, ಸ್ಟೀರಿಂಗಿನ ಹೊಲಿಗೆ ಎಣಿಸಬೇಕು, ಹೆಬ್ಬೆರಳಿನ ಕೆಳಗೆ ಹದಿನಾಲ್ಕು. ಕಾರಿನಲ್ಲಿ ಎಲ್ಲಕ್ಕೂ ಅರ್ಥವಿದೆ, ಇಷ್ಟು ತಿರುಗಿಸಿದರೆ ಇಷ್ಟೇ ತಿರುಗುತ್ತದೆ, ಜನ ಹಾಗಲ್ಲ, ಚೆನ್ನಾಗಿದ್ದೀಯಾ ಅಂತ ಕೇಳಿ ಉತ್ತರ ಕೇಳುವ ಮುಂಚೆ ಹೋಗಿಬಿಡುತ್ತಾರೆ, ಎರಡು ವರ್ಷದ ಹಿಂದೆ ಮೈಸೂರಿನ ಡಾಕ್ಟರು ಆಟಿಸಂ ಅಂತ ಬರೆದುಕೊಟ್ಟಾಗ ಅವನಿಗೆ ಇಪ್ಪತ್ತು, ಅವ್ವ ಆ ಚೀಟಿಯನ್ನು ಎಲೆಅಡಿಕೆ ಚೀಲದಲ್ಲಿ ಮಡಿಸಿಟ್ಟು ಬಸ್ಸಿನಲ್ಲಿ ಬರುತ್ತಾ, ಅದ್ರ ಎಸ್ರು ಗೊತ್ತಾಯ್ತು ಬುಡು ಮಗ, ನೀನು ನೀನೇ ಅಂದಳು, ಆಮೇಲೆ ಕಿಟಕಿ ಕಡೆ ತಿರುಗಿ ಹುಣಸೂರು ಬರುವವರೆಗೂ ಮೂಗು ಒರೆಸಿಕೊಂಡಳು.

ಅವ್ವನೇ ನೀರು ಹಾಕಿಸಿದ್ದು. ಬೆಳಗ್ಗೆ ಬಂದಾಗ ಹೊಲವೆಲ್ಲ ಕಪ್ಪಗೆ ಹೊಳೆಯುತ್ತಿತ್ತು, ಮದುವೆ ಮನೆಯ ಅಂಗಳದ ಹಾಗೆ, ಟ್ಯಾಂಕರಿನ ಸೋಮಯ್ಯ ಪೈಪು ಸುತ್ತುತ್ತಾ ಹೆಮ್ಮೆಯಿಂದ ಹೇಳಿದ, ನಿಮ್ಮಕ್ಕ ಚಿಕ್ಕಬೀರಮ್ಮನೇ ಕೋಳಿ ಕೂಗೋ ಹೊತ್ತಿಗೆ ಬಂದು ಎಬ್ಬಿಸಿದ್ರು ಕನಕರಾಜಣ್ಣ, ಮೈಸೂರಿಂದ ಜನ ಬತ್ತಾರೆ, ಧೂಳು ಎದ್ರೆ ಏನು ಚೆಂದ, ನೆಂಟ್ರು ಬರೋ ಮನೆ ಬಾಗಿಲಿಗೆ ನೀರು ಹಾಕಲ್ವಾ ಅಂದ್ರು, ಎರಡು ಟ್ಯಾಂಕರು ಹೊಡ್ದಿವ್ನಿ, ಕಣ ಸಾರಿಸಿದಂಗೆ ಆಗದೆ ನೋಡಿ. ಮಾವ ಹಣೆಗೆ ಕೈ ಇಟ್ಟುಕೊಂಡ. ಅಕ್ಕಯ್ಯಾ, ರೇಸ್ ಟ್ರ್ಯಾಕಿಗೆ ಯಾರಾದ್ರೂ ಚಿಮುಕ್ಸಿ ನೀರು ಹಾಕ್ತಾರಾ. ಅವ್ವ ಸೆರಗಿನ ತುದಿ ಹಿಡಿದುಕೊಂಡು, ಮಗಿಗೆ ಹಲ್ಲಲ್ಲಿ ಧೂಳು ಆಗಾಕಿಲ್ವಲ್ಲಪ್ಪ, ನಿನ್ನೆ ಮೂರು ಸಲ ಬಾಯಿ ತೊಳಕಂಡ ಅಂದಳು. ನೆಂಟರ ಮಾತು ಸೋಮಯ್ಯನಿಗೆ, ಈ ಮಾತು ಮಾವನಿಗೆ, ಎರಡರಲ್ಲಿ ಯಾವುದು ನಿಜ, ಎರಡೂ ನಿಜವಿರಬಹುದೇ — ಬಾವುಟ. ಕಾರುಗಳನ್ನು ಒಂದರ ಹಿಂದೆ ಒಂದು ಬಿಟ್ಟು ಒಬ್ಬೊಬ್ಬರ ಟೈಮು ಬರೆದುಕೊಳ್ಳುತ್ತಾರೆ, ಕೃಷ್ಣಕುಮಾರ್ ಅವನಿಗೋಸ್ಕರ ಸೀಟಿ ಊದುವುದಿಲ್ಲ, ಬಾವುಟ ಇಳಿಸುತ್ತಾರೆ ಅಷ್ಟೇ, ಇಳಿಯಿತು, ಮೊದಲ ಸುತ್ತು, ಕಲ್ಲುಹರಳು ಬಡಿಯಲಿಲ್ಲ, ಮಣ್ಣು ಅವನ್ನು ನುಂಗಿಕೊಂಡಿದೆ, ಚಕ್ರ ತೇಲುತ್ತಿದೆ, ಕಾಲನ್ನು ಹಗುರ ಮಾಡು, ಇನ್ನೂ ಹಗುರ, ಎರಡನೇ ತಿರುವು, ಹಿಂಬದಿ ಜಾರಿತು, ಸ್ಟೀರಿಂಗ್ ಅರ್ಧ ಕೈ ಆಚೆಗೆ, ಸರಿಹೋಯಿತು, ಮೂರನೆಯದು, ಸುಣ್ಣದ ಟೈರು, ಪಕ್ಕದಲ್ಲಿ ಹೆಜ್ಜೆ. ಬರಿಗಾಲಿನ ಹೆಜ್ಜೆ, ಬಲಗಾಲು, ಹಿಮ್ಮಡಿಯ ಗುಣಿಯಲ್ಲಿ ನೀರು ನಿಂತಿದೆ, ನಾಲ್ಕು ಬೆರಳು ಮುಂದಕ್ಕೆ, ಐದನೆಯದು ಪಕ್ಕಕ್ಕೆ ತಿರುಗಿದೆ.

ಕಿರುಬೆರಳು ಹಾಗೆ ತಿರುಗಿರುವ ಕಾಲು ಒಂದೇ ಇರುವುದು. ಸೋಮಯ್ಯನಿಗೆ ಇಲ್ಲಿ ಹಾಕು, ಅಲ್ಲಿ ಹಾಕು ಅಂತ ತೋರಿಸುತ್ತಾ ಅವ್ವ ಒದ್ದೆಯಲ್ಲೇ ನಡೆದಾಡಿದ್ದಾಳೆ, ಬೇರೆ ಹೆಜ್ಜೆಗಳನ್ನೆಲ್ಲ ಮುಂದೆ ಹೋದ ಕಾರುಗಳು ಅಳಿಸಿವೆ, ಇದು ಮಾತ್ರ ಉಳಿದಿದೆ, ಯಾಕೆಂದರೆ ಇಷ್ಟು ಹತ್ತಿರಕ್ಕೆ ಯಾರೂ ಬರುವುದಿಲ್ಲ, ಅವನ ಗೆರೆಯ ಮೇಲೆ, ಸರಿಯಾಗಿ ಅವನ ಎಡಗಡೆಯ ಚಕ್ರ ಹೋಗಬೇಕಾದ ಕಡೆ — ಕಾಲು ತಾನೇ ಬ್ರೇಕಿಗೆ ಹೋಯಿತು, ಸ್ಟೀರಿಂಗ್ ತಾನೇ ಬಲಕ್ಕೆ ಹೋಯಿತು, ಆಚೆ ಅಂಚಿನ ಟೈರಿಗೆ ಧಡ್ ಅಂತ ಬಡಿದು ಇಂಜಿನ್ನು ಉಸಿರು ಕಟ್ಟಿದ ಹಾಗೆ ಎರಡು ಸಲ ಬಿಕ್ಕಿ ಹೇಗೋ ಮುಂದಕ್ಕೆ ಎಳೆಯಿತು. ಸುತ್ತು ಮುಗಿಸಿ ಹಗ್ಗದ ಹತ್ತಿರ ಬಂದಾಗ ಕೃಷ್ಣಕುಮಾರ್, ಟೈರಿಗೆ ತಾಗಿದ್ದಕ್ಕೆ ಐದು ಸೆಕೆಂಡ್ ಸೇರಿಸ್ಬೇಕಾಗುತ್ತೆ ಅಂದರು, ಮಾವ ಕಿಟಕಿಗೆ ಬಗ್ಗಿದ, ನಿಂತಂಗೇ ಆಯ್ತಲ್ಲಾ, ಕೂದ್ಲೆಳೆಯಲ್ಲಿ ಉಳ್ಕಂಡೆ, ಏನಾಯ್ತು ಅಲ್ಲಿ. ಅವ್ವನ ಕಾಲು, ಅಂದ ಮಾದೇಶ. ನಿಮ್ಮವ್ವ ಇಲ್ಲೇ ನಿಂತವಳೆ, ಅವಳ ಕಾಲು ಟ್ರ್ಯಾಕಿಗೆ ಎಲ್ಲಿಂದ ಬಂತ್ಲಾ. ಅವ್ವನ ಕಾಲು, ಅಂತ ಇನ್ನೊಂದು ಸಲ ಅಂದ, ಮಾವನಿಗೆ ತಿಳಿಯಲಿಲ್ಲ, ಅವ್ವನಿಗೆ ತಿಳಿಯಿತು, ಅವಳು ಬಲಗಾಲನ್ನು ಸೀರೆಯ ಅಂಚಿನೊಳಕ್ಕೆ ಎಳೆದುಕೊಂಡಳು.

ಅವನಿಗೆ ಏಳು ವರ್ಷ, ಟ್ರ್ಯಾಕ್ಟರು ಹಟ್ಟಿಯ ಮುಂದೆ ಇಳಿಜಾರಿನಲ್ಲಿ ನಿಂತಿತ್ತು, ಹತ್ತಿ ಕೂತು ಬ್ರೇಕು ಬಿಡಿಸಿದ, ಬಿಡಿಸಿದರೆ ಏನಾಗುತ್ತದೆ ಅಂತ ನೋಡಲು, ಚಕ್ರ ಹಿಂದಕ್ಕೆ ಅರ್ಧ ಗೇಣು ಉರುಳಿ ನಿಂತಿತು, ಕೆಳಗೆ ಹೊಗೆಸೊಪ್ಪು ಪೋಣಿಸುತ್ತಾ ಕೂತಿದ್ದ ಅವ್ವನ ಕಾಲಿನ ತುದಿಯ ಮೇಲೆ. ಅವ್ವ ಕೂಗಲಿಲ್ಲ. ಕೂಗಿದರೆ ಅವನು ಕಿವಿ ಮುಚ್ಚಿಕೊಳ್ಳುತ್ತಾನೆ, ಕಿವಿ ಮುಚ್ಚಿಕೊಂಡರೆ ಬ್ರೇಕು ಒತ್ತುವುದಿಲ್ಲ, ಅದು ಅವಳಿಗೆ ಗೊತ್ತಿತ್ತು, ಮೆತ್ತಗೆ, ಹಾಲು ಕುಡೀತೀಯಾ ಅಂತ ಕೇಳುವಷ್ಟು ಮೆತ್ತಗೆ, ಮಗ, ಕಾಲಿಂದ ಬ್ರೇಕನ್ನ ಒತ್ತು, ಒತ್ಕಂಡೇ ಇರು ಅಂದಳು, ಅವನು ಒತ್ತಿಕೊಂಡೇ ಇದ್ದ, ಆಳು ಬಂದು ಗಾಡಿ ಸ್ಟಾರ್ಟ್ ಮಾಡಿ ಮುಂದಕ್ಕೆ ತೆಗೆಯುವವರೆಗೆ. ಆ ಆಳಿಗೂ ಆಣೆ ಹಾಕಿಸಿ, ಊರಿಗೆಲ್ಲ ಕಾಲಿನ ಮೇಲೆ ರುಬ್ಬುವ ಗುಂಡುಕಲ್ಲು ಬಿತ್ತು ಅಂತ ಹೇಳಿದಳು, ಅಪ್ಪನಿಗೂ, ಮಾವನಿಗೂ, ಹದಿನೈದು ವರ್ಷದಿಂದ ಗುಂಡುಕಲ್ಲು ಅಂತಲೇ ಹೇಳುತ್ತಿದ್ದಾಳೆ, ಗುಂಡುಕಲ್ಲು ಬೀಳಲಿಲ್ಲ, ಗುಂಡುಕಲ್ಲು ಅಂದಾಗಲೆಲ್ಲ ಅವನು ಆ ಬೆರಳನ್ನೇ ನೋಡುತ್ತಾನೆ.

ಅವ್ವ ಈಗ ಕಿಟಕಿಯ ಹತ್ತಿರ ಬಂದಿದ್ದಾಳೆ, ಅವನ ಮುಖ ನೋಡದೆ ಬಾಗಿಲಿನ ಹಿಡಿ ನೋಡುತ್ತಾ ಮಾತಾಡುತ್ತಾಳೆ, ಅವಳೂ ಹಾಗೆ ಕಲಿತಿದ್ದಾಳೆ — ಅದು ಬರೀ ಮಣ್ಣು ಕಣ್ ಮಗ, ನನ್ನ ಕಾಲು ಇಲ್ಲೇ ಅದೆ ನೋಡು, ನೋಯಾಕಿಲ್ಲ, ಹತ್ತಿಸ್ಕಂಡು ಓಗು, ಆಗಾಕಿಲ್ಲ ಅಂದ್ರೆ ದೂರದಿಂದ ಬಳಸ್ಕಂಡು ಓಗು ಎಲ್ಲಾರಂಗೆ, ನಿಲ್ಲಬ್ಯಾಡ ಅಷ್ಟೇ. ಬಿಸಿಲು ಏರಿದೆ, ಮಣ್ಣಿನ ಮೇಲ್ಪದರ ಒಣಗಿ ಗಟ್ಟಿಯಾಗಿದೆ, ಬಾವುಟ ಇಳಿಯಿತು, ಕಲ್ಲುಹರಳು ಅಲ್ಲೊಂದು ಇಲ್ಲೊಂದು ಚಟ್ ಅನ್ನುತ್ತಿವೆ, ಒಳ್ಳೆಯದು, ಎರಡನೇ ತಿರುವು, ಜಾರಲಿಲ್ಲ, ದೂರದಿಂದ ಬಳಸಿದರೆ ಸುತ್ತು ಮುಗಿಯುತ್ತದೆ, ಗಾಡಿ ಉಳಿಯುತ್ತದೆ, ಆದರೆ ದೂರದಿಂದ ಬಳಸುವುದು ಅವನ ಗೆರೆಯಲ್ಲ, ಅವನು ಎಣಿಸಿದ ಹೆಜ್ಜೆಯಲ್ಲ, ಹತ್ತಿಸುವುದು ಆಗುವುದಿಲ್ಲ, ಸುಣ್ಣದ ಟೈರಿಗೂ ಆ ಹೆಜ್ಜೆಗೂ ನಡುವೆ ಎಷ್ಟು ಜಾಗ, ಮುಕ್ಕಾಲು ಗೇಣು, ಚಕ್ರ ಎಷ್ಟು ಅಗಲ, ಅರ್ಧ ಗೇಣು, ಎಡಗಡೆಯ ಚಕ್ರ ಬಲಗಡೆ ಕೂತವನಿಗೆ ಕಾಣುವುದಿಲ್ಲ, ಕಾಣಬೇಕಾಗಿಲ್ಲ, ಅದು ಎಲ್ಲಿದೆ ಅಂತ ಸೊಂಟಕ್ಕೆ ಗೊತ್ತು, ಒಳಕ್ಕೆ, ಇನ್ನೂ ಒಳಕ್ಕೆ, ಹಗ್ಗದ ಆಚೆಯಿಂದ ಮಾವ, ಟೈರಿಗೆ ಒಡೀತಾನೆ ಕಣಕ್ಕೋ ಅನ್ನುತ್ತಿದ್ದಾನೆ, ಹೊಡೆಯಲಿಲ್ಲ, ಸುಣ್ಣ ಬಾಗಿಲಿಗೆ ಸವರಿದ ಹಾಗೆ ಒಂದು ಸರ್ ಸದ್ದು, ಸ್ಟೀರಿಂಗ್ ತಾನೇ ನೇರವಾಯಿತು, ನೇರವಾದ ದಾರಿ, ಬಾವುಟ, ಮುಗಿಯಿತು, ನಿಲ್ಲಲಿಲ್ಲ. ಕೃಷ್ಣಕುಮಾರ್ ಏನೋ ಟೈಮು ಓದುತ್ತಿದ್ದಾರೆ, ಮೂರನೆಯವನೋ ನಾಲ್ಕನೆಯವನೋ, ಮಾವ ಬಾನೆಟ್ಟು ತಟ್ಟುತ್ತಾ, ಪಿರಿಯಾಪಟ್ಟಣದೋರಿಗೆ ಬೂತಿಂದ ಫೋನ್ ಮಾಡಿ ಬರಬ್ಯಾಡಿ ಅಂತೀನಿ ಬುಡು, ನೀನು ಮಾತ್ರ ಆ ಟೈರಿಗೆ ಅಷ್ಟು ಹತ್ರ ಓಗಿ ನನ್ನ ಜೀವ ತೆಗಿಬ್ಯಾಡ ಅನ್ನುತ್ತಿದ್ದಾನೆ, ಅವ್ವ, ಹೆಜ್ಜೆ ಅದಾ ಮಗ ಇನ್ನೂ, ಅಂತ ಬಾಗಿಲಿನ ಹಿಡಿಯನ್ನು ಕೇಳಿದಳು, ಅದೆ, ಅಂದ ಮಾದೇಶ, ಅದೆ, ಎಡಗಡೆಯ ಚಕ್ರದ ಗೆರೆ ಒಂದು ಕಡೆ, ಬಲಗಡೆಯದು ಇನ್ನೊಂದು ಕಡೆ, ನಡುವೆ ಹಿಮ್ಮಡಿಯ ಗುಣಿ, ನೀರು ಆರಿ ಅಂಚು ಬಿರಿಯುತ್ತಿದೆ, ನಾಲ್ಕು ಬೆರಳು ಮುಂದಕ್ಕೆ, ಐದನೆಯದು ಪಕ್ಕಕ್ಕೆ, ನಾಲ್ಕು ಮುಂದಕ್ಕೆ, ಐದನೆಯದು