ಹಳಿಯ ಪಕ್ಕದ ಗೇಣು ಜಾಗ

ಖಮರ ಮೂರನೆಯ ಕಟ್ಟಿಗೆ ಅಡ್ಡೆಯ ಶಟರಿಗೂ ಗುದ್ದಿದ. ಒಳಗೆ ನಾಯಿ ಬೊಗಳಿತು, ಮನುಷ್ಯರ ಸದ್ದಿಲ್ಲ. ಎದುರಿನ ಚಹಾದಂಗಡಿಯವನು ಗ್ಲಾಸು ತೊಳೆಯುತ್ತಲೇ, ಇವತ್ತು ಮಣ್ಣೆತ್ತಿನ ಅಮಾವಾಸ್ಯೆ, ಅಫಜಲಪುರದಲ್ಲಿ ಯಾವ ಬಡಿಗೇರನೂ ಉಳಿ ಮುಟ್ಟುವುದಿಲ್ಲ, ನಾಳೆ ಬಾ ಎಂದ.

"ನಾಳಿಗಿ ಆಗಂಗಿಲ್ರಿ. ಗೋರಿಗಿ ಹಲಗಿ ಬೇಕು."

ಗ್ಲಾಸು ತೊಳೆಯುವ ಕೈ ನಿಂತಿತು. "ಯಾರು ತಮ್ಮಾ?"

"ನಮ್ಮ ಅಬ್ಬಾ."

ಅವನು ಗಿರಾಕಿಗಳು ಕೂರುವ ಬೆಂಚನ್ನು ಬೋರಲು ಹಾಕಿ, ಸುತ್ತಿಗೆಯಿಂದ ಬಡಿದು ಎರಡು ಹಲಗೆ ಕಿತ್ತುಕೊಟ್ಟ. ಅವನ್ನು ಬೈಕಿಗೆ ಅಡ್ಡಲಾಗಿ ಕಟ್ಟಿಕೊಂಡು ಖಮರ ತನ್ನೂರು ಹವಳಗಾದ ದಾರಿ ಹಿಡಿದಾಗ ಜಿಟಿಜಿಟಿ ಮಳೆ ಶುರುವಾಗಿತ್ತು.

ಹಲಗೆ ಇಲ್ಲದ ಊರಲ್ಲ ಅದು. ಮಸೀದಿಯ ಹಿಂದಿನ ಕೋಣೆಯಲ್ಲಿ ಮಯ್ಯತ್ತಿಗೆಂದೇ, ಗೋರಿಯೊಳಗೆ ಹೆಣಕ್ಕೆ ಮಣ್ಣು ತಾಗದಂತೆ ಮುಚ್ಚಲು, ಬೇವಿನ ಹಲಗೆಗಳ ಒಟ್ಟಲಿತ್ತು. ಹೋದ ತಿಂಗಳು ಯಾವನೋ ಮುಖಂಡನ ಹುಟ್ಟುಹಬ್ಬಕ್ಕೆ ವೇದಿಕೆ ಕಟ್ಟಬೇಕೆಂದು ಒಯ್ದವರು ಮರಳಿ ತರಲಿಲ್ಲ. ಕೋಣೆಯ ಕೀಲಿ ತೆಗೆದುಕೊಟ್ಟವನು ಮಸೀದಿ ನೋಡಿಕೊಳ್ಳುವ ಯಾಕೂಬಸಾಬ. ಈಗ ಅವನೇ ಮನೆಯ ಮುಂದೆ ಛತ್ರಿ ಹಿಡಿದು ನಿಂತು, ಬೈಕಿನಿಂದ ಇಳಿದ ಎರಡು ಹಲಗೆಗಳನ್ನು ನೋಡಿ ತಲೆ ತಗ್ಗಿಸಿದ.

"ಹುಟ್ಟಿದವನ ಹಬ್ಬಕ್ಕ ಸತ್ತವರ ಹಲಗಿ ಕೊಟ್ರಿ, ಚಾಚಾ," ಎಂದ ಖಮರ. "ಈಗ ಸತ್ತವರಿಗಿ ಏನ್ ಕೊಡ್ತೀರಿ?"

ಯಾಕೂಬಸಾಬ ಛತ್ರಿಯನ್ನು ಹಲಗೆಗಳ ಮೇಲೆ ಹಿಡಿದ. "ಅವ್ರು ಬಂದು ಕೇಳಿದ್ರು. ಇಲ್ಲ ಅನ್ನಾಕ ನಮ್ಮಂಥವರಿಗಿ ಬರ್ತದೇನು, ಬೇಟಾ?"

ಒಳಗೆ ಖಮರನ ಅಪ್ಪ ಗೌಸಮೊಹಿದ್ದೀನನ ಸ್ನಾನ ಮುಗಿದು, ಕಫನ್ ಬಟ್ಟೆ ಸುತ್ತಿ ಮಲಗಿಸಿದ್ದರು. ತಲೆಯ ಬಳಿ ಹೆಂಡತಿ ಮದೀನಾಬಿ, ಅವಳ ಬೆನ್ನಿಗೆ ಆತು ಮಗಳು ಮಹೆಕ. ಗೌಸಮೊಹಿದ್ದೀನನ ಗೆಳೆಯ ಬೀರಲಿಂಗಪ್ಪ ಹಬ್ಬದ ಮನೆ ಬಿಟ್ಟು ಬಂದು, ತನ್ನ ಬಂಡಿಯ ಹಲಗೆ ಬಿಚ್ಚಿ ಹಾಕಿದ್ದ. ಗುಂಡಿ ತೋಡುವವರು ಕಳಿಸಿದ ಹಗ್ಗದಿಂದ ಎಲ್ಲವನ್ನೂ ಅಳೆದರು. ಕಾಲಿನಿಂದ ಸೊಂಟದವರೆಗೆ ಸಾಕಾಯಿತು. ಸೊಂಟದಿಂದ ತಲೆಯವರೆಗೆ ಮುಚ್ಚಲು ಏನೂ ಇರಲಿಲ್ಲ. ಹಾಸುಗಲ್ಲು ಇಡೋಣವೆಂದರೆ ಎರೆಮಣ್ಣು ನೆನೆದಿತ್ತು. ಕಲ್ಲಿನ ಭಾರಕ್ಕೆ ಅಂಚು ಕುಸಿದು ಕಲ್ಲೇ ಹೆಣದ ಮೇಲೆ ಇಳಿಯುತ್ತದೆ ಎಂದು ಗುಂಡಿ ತೋಡುವವರು ಹೇಳಿಕಳಿಸಿದ್ದರು.

ಒಬ್ಬೊಬ್ಬರಾಗಿ ಎಲ್ಲರೂ ಮೂಲೆಯ ಕಡೆ ನೋಡಿದರು. ಅಲ್ಲಿ ಎರಡು ಸ್ಟೂಲಿನ ಮೇಲೆ, ಹಳೆ ಸೀರೆ ಹೊದ್ದು, ಗೌಸಮೊಹಿದ್ದೀನನ ರೈಲು ಇತ್ತು.

*

ಅದು ಹಳೆ ಮನೆಯ ಬಾಗಿಲಿನ ಕದ. ಕಬ್ಬಿಣದ ಬಾಗಿಲು ಕೂರಿಸಿದಾಗ ಎಲ್ಲರೂ ಒಲೆಗೆ ಹಾಕೋಣವೆಂದರು, ಗೌಸಮೊಹಿದ್ದೀನ ಬಿಡಲಿಲ್ಲ. ಸಂತೆಯಿಂದ ಸಂತೆಗೆ ಹೋಗಿ ಛತ್ರಿ, ಸ್ಟೋವು ರಿಪೇರಿ ಮಾಡುತ್ತಿದ್ದ ಅವನು ಮುರಿದ ಛತ್ರಿ ಕಡ್ಡಿಗಳನ್ನು ಕೂಡಿಹಾಕಿ ಕದದ ಮೇಲೆ ಸುತ್ತ ಹಳಿ ಹಾಸಿದ. ಎಣ್ಣೆ ಡಬ್ಬಿಯ ತಗಡಿನಿಂದ ಮೂರು ಬೋಗಿ ಮಾಡಿದ. ಕೆಟ್ಟ ಟೇಪರೆಕಾರ್ಡರಿನ ಮೋಟರು ಇಂಜಿನ್ನಾಯಿತು. ಬ್ಯಾಟರಿ ಸೆಲ್ಲು ಹಚ್ಚಿದರೆ ರೈಲು ಗುರ್ರೆನ್ನುತ್ತ ಹೊರಡುತ್ತಿತ್ತು. ತಿರುವಿನಲ್ಲಿ ಮಾತ್ರ ನಿಂತುಬಿಡುತ್ತಿತ್ತು, ಬೆರಳಿಂದ ನೂಕಬೇಕು.

ಹರೆಯದಲ್ಲಿ ಅವನು ಸೋಲಾಪುರದ ಕಡೆ ಹೋಗುವ ರೈಲುಗಳಲ್ಲಿ ಸುಟ್ಟ ಸೇಂಗಾ ಮಾರುತ್ತಿದ್ದ. ಮೊಣಕಾಲು ಹಿಡಿದುಕೊಂಡ ಮೇಲೆ ಬುಟ್ಟಿ ಇಳಿಸಿ ಊರಿಗೆ ಬಂದ. ಆಗ ಕಂಡದ್ದನ್ನೆಲ್ಲ ಕದದ ಮೇಲೆ ಇಟ್ಟಿದ್ದ. ಸ್ಟೇಷನ್ನು, ನೀರಿನ ಟಾಕಿ, ಗೇಟು, ಗೇಟಿನ ಪಕ್ಕದ ಬೇವಿನ ಮರ, ಕೈ ಎತ್ತಿದ ಸಿಗ್ನಲ್ಲು. ತಿರುವು ದಾಟಿದ ಮೇಲೆ ಹಳಿಯ ಹೊರಗೆ ಒಂದು ಗೇಣು ಜಾಗ ಮಾತ್ರ ಬರಿದಾಗಿತ್ತು.

ಛತ್ರಿ ತಂದವರನ್ನೆಲ್ಲ ಅವನು ಕೇಳುತ್ತಿದ್ದ, ಇಲ್ಲಿ ಏನಿಡೋಣ ಎಂದು. ಮದೀನಾಬಿ ಒಂದು ಮನೆ ಇಡಿ ಎಂದಳು. ಯಾಕೂಬಸಾಬ, ಸಣ್ಣದೊಂದು ಮಸೀದಿ ಇಡು, ಸವಾಬು ಸಿಗುತ್ತದೆ, ಪುಣ್ಯದ ಕೆಲಸ ಎಂದ. ಮಹೆಕ ಶಾಲೆ ಎಂದಳು. ಬೀರಲಿಂಗಪ್ಪ ಮಾತ್ರ ಪ್ರತಿ ಸಲ ಎತ್ತಿನ ಜೋಡಿಯನ್ನೇ ಹೇಳುತ್ತಿದ್ದ.

"ಅಲ್ಲಿ ಎತ್ತು ಇದ್ದವೇನು? ನೀ ನೋಡೀಯೇನು?"

"ನಾ ಎಲ್ಲಿ ನೋಡ್ಲಿ? ನಾ ರೈಲು ಹತ್ತಿದವನೇ ಅಲ್ಲ."

"ಮತ್ತ? ನೋಡದಿದ್ದದ್ದು ಇಡಬಾರದು, ಬೀರ್ಯಾ. ರೈಲಿಗಿ ಸುಳ್ಳು ಹಚ್ಚಬಾರದು."

ಊರವರು ನಗುತ್ತಿದ್ದರು. ಸಂತೆಯಲ್ಲಿ ಅವನನ್ನು ಸ್ಟೇಷನ್ ಮಾಸ್ತರ ಎಂದು ಕರೆಯುವವರೂ ಇದ್ದರು. ಆ ಹೆಸರು ಕಿವಿಗೆ ಬಿದ್ದಾಗೆಲ್ಲ ಖಮರನಿಗೆ ಉರಿಯುತ್ತಿತ್ತು. ಏಳನೆಯ ತರಗತಿಗೆ ಶಾಲೆ ಬಿಟ್ಟು ಟ್ರ್ಯಾಲಿ ವೆಲ್ಡಿಂಗಿಗೆ ಹೋಗುತ್ತಿದ್ದ ಅವನಿಗೆ ಉರಿಯಲು ಅಷ್ಟೇ ಸಾಕಿತ್ತು. ಈ ಬೇಸಿಗೆಯಲ್ಲಿ ಮೋಟರಿನ ವೈರು ಕಿತ್ತುಹೋದಾಗ ಅದಕ್ಕೆ ಬೆಸುಗೆ ಹಾಕುತ್ತ ಕೂತವನು ಮೊದಲ ಸಲ ಕೇಳಿದ.

"ದಿನಾ ಅದೇ ರೈಲಿನಾಗ ಹೋಗ್ತಿದ್ದಿ, ಅಬ್ಬಾ. ಆ ಜಾಗಾ ಒಂದೇ ಹೆಂಗ ನೋಡಿಲ್ಲ ನೀ?"

ಗೌಸಮೊಹಿದ್ದೀನ ನಕ್ಕ. "ಅದರ ಹಿಂದಿನ ಸ್ಟೇಷನ್ನಿನಾಗ ಟಿ.ಸಿ. ಹತ್ತತಿದ್ದ. ನಾ ಬುಟ್ಟಿ ತಗೊಂಡು ಸಂಡಾಸದಾಗ. ಅವ ಮುಂದಿನ ಡಬ್ಬಿಗಿ ಹೋಗೂತನಾ ಕದಾ ಹಿಡ್ಕೊಂಡು ನಿಂದ್ರೂದು. ಅಲ್ಲಿ ಕಿಡಕಿಗಿ ಮಬ್ಬು ಗಾಜು ಇರ್ತದ ನೋಡು. ಬೆಳಕು ಬರ್ತದ, ಮತ್ತೇನೂ ಕಾಣಂಗಿಲ್ಲ."

ಖಮರನಿಗೆ ನಗು ಬರಲಿಲ್ಲ. ಬೆಸುಗೆಯ ಹೊಗೆ ಕಣ್ಣಿಗೆ ಬಂದಂತೆ ಮುಖ ತಿರುವಿದ. ಮಣ್ಣೆತ್ತಿನ ಅಮಾವಾಸ್ಯೆಗೆ ತಮ್ಮ ಗ್ಯಾರೇಜಿಗೆ ರಜೆ, ಅವತ್ತು ಟಿಕೆಟು ತೆಗೆಸಿ ಹೋಗೋಣ, ಕಿಟಕಿಯ ಕಡೆ ನೀನೇ ಕೂರು ಎಂದ.

"ಟಿ.ಸಿ. ನಮ್ಮ ಕಡಿ ಬರಲಿಲ್ಲಂದ್ರ?" ಎಂದ ಗೌಸಮೊಹಿದ್ದೀನ. "ನಾನೇ ಕರದು ಟಿಕೆಟ್ ತೋರಸ್ತೇನಿ."

ನಿನ್ನೆ ಸಂಜೆ ಮದೀನಾಬಿ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿ ಗೂಟಕ್ಕೆ ತೂಗುಹಾಕಿದ್ದಳು. ಬೆಳಿಗ್ಗೆ ನಮಾಜಿಗೆ ಎಬ್ಬಿಸಲು ಹೋದಾಗ ಅವನ ಕೈ ತಣ್ಣಗಾಗಿತ್ತು.

*

ಅಂಗಿ ಇನ್ನೂ ಗೂಟದಲ್ಲೇ ಇತ್ತು. ಯಾಕೂಬಸಾಬ ಮೂಲೆಯ ಕಡೆ ಕೈ ಮಾಡಿ, "ಬೇಟಾ, ಆ ಕದ..." ಎಂದ.

"ಅದೊಂದು ಬಿಟ್ಟು ಮಾತಾಡ್ರಿ."

ತನಗೆ ಬೇಕಾದದ್ದನ್ನು ಖಮರ ಸರಿಯಾಗಿ ಹೇಳಲಾರದೆ ಹೋದ. ನಾಳೆ ಬೆಳಿಗ್ಗೆ ರೈಲಿಗೆ ಹೋಗುತ್ತೇನೆ, ಆ ಜಾಗದಲ್ಲಿ ಏನಿದೆಯೋ ನೋಡಿಕೊಂಡು ಬರುತ್ತೇನೆ, ಅದನ್ನು ಮಾಡಿ ಅಲ್ಲಿ ಇಡುತ್ತೇನೆ, ಒಂದೇ ಒಂದು ದಿನ ಕೊಡಿ ಎಂದ. ಒಂದು ದಿನವನ್ನು ಅವನಿಗೆ ಯಾರು ಕೊಡಬೇಕಿತ್ತು? ಬೀರಲಿಂಗಪ್ಪ ತನ್ನ ಮನೆಯ ಬಾಗಿಲು ಕಿತ್ತು ತರುತ್ತೇನೆಂದು ಎದ್ದ. ಅದು ತಗಡಿನದು ಎಂದು ನೆನಪಾಗಿ ಮತ್ತೆ ಕೂತ. ಅಷ್ಟರಲ್ಲಿ ಕಬರಸ್ತಾನದಿಂದ ಫೋನು ಬಂತು. ಗುಂಡಿಯ ಒಂದು ಮಗ್ಗುಲು ಜಾರತೊಡಗಿದೆ, ಕೆಳಗೆ ನೀರು ಒಸರುತ್ತಿದೆ, ಬೇಗ ತನ್ನಿ.

ಮದೀನಾಬಿ ಗಂಡನ ಮುಖದ ಮೇಲಿನ ಬಟ್ಟೆ ಸರಿಮಾಡುತ್ತ ಹೇಳಿದಳು.

"ಮಕದ ಮ್ಯಾಲ ಮಣ್ಣ ಬೀಳಬಾರದು, ಖಮರ."

"ಅಮ್ಮಿ, ಆ ಜಾಗಾ ಹಂಗೇ ಅದ."

"ನಾವು ಹೇಳಿದ್ದು ಯಾವ್ದೂ ಅವ್ರು ಇಡಲಿಲ್ಲ. ಇರಲಿ ಹಂಗೇ. ಮಕದ ಮ್ಯಾಲ ಮಣ್ಣ ಬೀಳೂದು ಬ್ಯಾಡ."

ಖಮರ ಸೀರೆ ಎಳೆದು ಬಿಸಾಡಿದ. ತಂತಿ ಕೀಳುವ ಪಕ್ಕಡ ತೆಗೆದುಕೊಂಡು ಕೂತ. ರೈಲು, ಸ್ಟೇಷನ್ನು, ಟಾಕಿ, ಗೇಟು, ಬೇವಿನ ಮರ, ಸಿಗ್ನಲ್ಲು ಒಂದೊಂದಾಗಿ ಮಹೆಕಳ ದುಪಟ್ಟಾದೊಳಗೆ ಹೋದವು. ಹಳಿ ಬರಲಿಲ್ಲ. ಪ್ರತಿ ಕಡ್ಡಿಗೂ ಕದಕ್ಕೆ ತೂತು ಹಾಕಿ, ತಂತಿ ಪೋಣಿಸಿ, ಅದರ ತುದಿಯನ್ನು ಕಟ್ಟಿಗೆಯೊಳಗೆ ಮಡಚಿ ಬಡಿದಿದ್ದ ಗೌಸಮೊಹಿದ್ದೀನ. ಇಷ್ಟು ವರ್ಷವಾದರೂ ಒಂದೂ ಸಡಿಲಾಗಿರಲಿಲ್ಲ. ಜೋರಾಗಿ ಎಳೆದಾಗ ಕದವೇ ಚಟ್ಟೆಂದಿತು. ಇದ್ದರೆ ಇರಲಿ, ಹಳಿ ಮೇಲಕ್ಕೆ ಬರಲಿ, ನಯವಾದ ಮಗ್ಗುಲು ಅವನ ಕಡೆ ಇರಲಿ ಎಂದ ಯಾಕೂಬಸಾಬ.

ಎತ್ತುವ ಮೊದಲು ಬೀರಲಿಂಗಪ್ಪ ತಡೆದ. ತನ್ನ ಅಂಗಿಯ ಕಿಸೆಯಿಂದ ಬೆಳಿಗ್ಗೆಯಷ್ಟೇ ಮಾಡಿದ ಮಣ್ಣಿನ ಎತ್ತುಗಳ ಜೋಡಿ ತೆಗೆದು ಆ ಗೇಣು ಜಾಗದಲ್ಲಿ ನಿಲ್ಲಿಸಿದ. ಚೆನ್ನಾಗಿಯೇ ಒಪ್ಪಿದವು. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎರಡನ್ನೂ ಎತ್ತಿ ಕಿಸೆಗೆ ಹಾಕಿಕೊಂಡ.

"ಬ್ಯಾಡ," ಎಂದ. "ನಾ ನೋಡಿಲ್ಲ."

ಮಧ್ಯಾಹ್ನದ ನಮಾಜು ಮುಗಿಸಿ ಹೊತ್ತು ನಡೆದಾಗ ಮಳೆ ಜೋರಾಗಿತ್ತು. ಗುಂಡಿಗೆ ಇಳಿದವರಲ್ಲಿ ಖಮರನೂ ಒಬ್ಬ. ಅಬ್ಬಾನನ್ನು ಮಲಗಿಸಿ, ಮುಖ ಪಡುವಣಕ್ಕೆ ತಿರುಗಿಸಿ ಮೇಲೆ ಬಂದ. ಕಾಲ ಕಡೆಗೆ ಬಂಡಿಯ ಹಲಗೆ, ನಡುವಿಗೆ ಚಹಾದಂಗಡಿಯ ಬೆಂಚು, ತಲೆಯ ಕಡೆಗೆ ಕದ. ಅಳತೆಗೆ ಸರಿಯಾಗಿ ಕೂತಿತು. ಮೂರು ಹಿಡಿ ಮಣ್ಣು ಕೊಡಿ ಎಂದ ಯಾಕೂಬಸಾಬ.

ಮೊದಲ ಹಿಡಿಯನ್ನು ಖಮರ ಕಾಲ ಕಡೆ ಹಾಕಿದ. ಎರಡನೆಯದನ್ನೂ ಅಲ್ಲೇ ಹಾಕಿದ. ಮೂರನೆಯ ಹಿಡಿ ಹಿಡಿದು ಬಗ್ಗಿದಾಗ ಕದ ಪೂರ್ತಿ ಕಂಡಿತು. ಮಳೆ ತೊಳೆದ ಛತ್ರಿ ಕಡ್ಡಿಗಳು ಮಿರುಗುತ್ತಿದ್ದವು. ತಿರುವಿನಾಚೆಯ ಗೇಣು ಜಾಗದಲ್ಲಿ ತೆಳ್ಳಗೆ ಮಳೆನೀರು ನಿಂತು, ಮೋಡದ ಬೆಳಕು ಬಿದ್ದು, ಅದು ಬೆಳ್ಳಗೆ ಮಬ್ಬಾಗಿತ್ತು. ಒಳಗೇನೂ ಕಾಣುತ್ತಿರಲಿಲ್ಲ.

"ಹಾಕು ಬೇಟಾ. ಮಂದಿ ನಿಂತದ."

ಖಮರ ಅಂಗೈ ಮಗುಚಿದ. ಮುದ್ದೆಯಾಗಿದ್ದ ಎರೆಮಣ್ಣು ಕೈಗೇ ಅಂಟಿಕೊಂಡಿತು, ಬೀಳಲಿಲ್ಲ. ಹಿಂದಿನಿಂದ ಯಾರೋ ಸಲಿಕೆ ತುಂಬಿ ಹಾಕಿದರು. ಮಣ್ಣು ಸ್ಟೇಷನ್ನಿದ್ದ ಕಡೆ ಬಿತ್ತು, ನೀರಿನ ಜೊತೆ ಕರಗಿ ಎರಡು ಕಡ್ಡಿಗಳ ನಡುವೆ ಹರಿಯತೊಡಗಿತು. ಗೇಟಿದ್ದಲ್ಲಿ ದಾಟಿತು, ಬೇವಿನ ಮರವಿದ್ದಲ್ಲಿ ದಾಟಿತು, ತಿರುವಿಗೆ ಬಂದು ಒಂದು ಗಳಿಗೆ ನಿಂತಿತು. ಅವನು ಕೈ ಹಾಗೆಯೇ ಚಾಚಿಕೊಂಡು ನೋಡುತ್ತಿದ್ದ. ಇನ್ನೊಂದು ಸಲಿಕೆ ಬಿತ್ತು. ಅದು ತಿರುವು ದಾಟಿತು.