ಕೊನೆಗೆ ಉಣ್ಣುವವಳು

ಮಗಳ ಮದುವೆಯ ಮರುದಿನ ಬೆಳಿಗ್ಗೆ ಸುನಂದಾ ಮತ್ತೆ ಕಲ್ಯಾಣ ಮಂಟಪಕ್ಕೆ ಹೋದಳು. ಗಡಿಬಿಡಿಯಲ್ಲಿ ಹಿತ್ತಾಳೆಯ ದೀಪವೊಂದನ್ನು ಅಲ್ಲೇ ಮರೆತು ಬಂದಿದ್ದಳು. ದೀಪ ಸಿಕ್ಕಿತು. ಆದರೆ ಹಿತ್ತಿಲ ಕಡೆಯಿಂದ ಹೊಗೆ ಬರುತ್ತಿದ್ದುದನ್ನು ಕಂಡು ಅತ್ತ ಹೋದಳು. ಥರ್ಮಾಕೋಲ್ ತಟ್ಟೆ, ನೀರಿನ ಬಾಟಲಿ, ಅರ್ಧ ಕಡಿದು ಬಿಟ್ಟ ಹೋಳಿಗೆ ಎಲ್ಲ ಎದೆಯೆತ್ತರ ರಾಶಿ ಬಿದ್ದಿದ್ದವು. ಒಂದು ಕಡೆಯಿಂದ ಹಂದಿಗಳು ಮೇಯುತ್ತಿದ್ದರೆ ಇನ್ನೊಂದು ಕಡೆಯಿಂದ ಕಾವಲುಗಾರ ಬೆಂಕಿ ಹಚ್ಚಿದ್ದ. ಮಗಳ ಹೆಸರಿದ್ದ ಫ್ಲೆಕ್ಸು ಸುರುಳಿ ಸುತ್ತಿಕೊಂಡು ಕರ್ರಗೆ ಉರಿಯುತ್ತಿತ್ತು.

ಮನೆಗೆ ಬಂದವಳು ಗಂಡ ಪರಪ್ಪನ ಮುಂದೆ ಕುಳಿತು ಅತ್ತಳು. ಮಗಳನ್ನು ಸಿಂದಗಿಯ ಗಂಡನ ಮನೆಗೆ ಕಳಿಸಿದ ಸಂಕಟ ಎಂದುಕೊಂಡ ಆತ. ಇಂಡಿ ಡಿಪೋದಲ್ಲಿ ಬಸ್ ಕಂಡಕ್ಟರ್ ಆಗಿದ್ದ ಪರಪ್ಪ ಮಾತು ಕಡಿಮೆಯ ಮನುಷ್ಯ.

"ಅಕಿ ಚಲೋ ಇರ್ತಾಳ. ಅಳಬ್ಯಾಡ," ಅಂದ.

"ಅಕಿ ಸಲುವಾಗಿ ಅಲ್ರಿ. ಅಕಿನ್ನ ಹರಸಾಕ ಬಂದವ್ರಿಗೆ ಬಡಿಸಿದ ಅನ್ನ ಹಂದಿ ಬಾಯಾಗ, ಬೆಂಕ್ಯಾಗ ಬಿದ್ದಿತ್ತು. ಅದನ್ನ ನೋಡಿ ಬಂದೇನಿ."

"ಎಲ್ಲಾರ ಮದುವ್ಯಾಗೂ ಹಂಗ ಆಗ್ತೈತಿ."

"ಆಗ್ತೈತಿ ಅಂತ ಆಗಾಕ ಬಿಡಬೇಕೇನು?"

ಅವಳ ಕೆಲಸ ಶುರುವಾದದ್ದು ಹೀಗೆ. ಅವಳು ಕಲಿಸುತ್ತಿದ್ದ ಖಾಸಗಿ ಶಾಲೆ ಅದಾಗಲೇ ಮುಚ್ಚಿತ್ತು. ಹಳೆಯ ವಿದ್ಯಾರ್ಥಿನಿ ತರನ್ನುಮಳ ತಂದೆ ಕಾಸಿಂಸಾಬರದು ಊರಿನಲ್ಲಿ ಶಾಮಿಯಾನದ ಅಂಗಡಿ. ಬಿ.ಕಾಂ. ಮುಗಿಸಿ ಅಪ್ಪನ ಅಂಗಡಿಯಲ್ಲಿ ಕೂರುತ್ತಿದ್ದ ತರನ್ನುಮ, ಸುನಂದಾ ಹೇಳಿದ್ದನ್ನೆಲ್ಲ ಕೇಳಿ, "ಅಕ್ಕೋರ, ನಾನೂ ನಿಮ್ಮ ಕೂಡ ಬರ್ತೇನಿ," ಎಂದಳು. ಮದುವೆ, ಸೀಮಂತ, ಗೃಹಪ್ರವೇಶ, ನಿಕಾಹ್ ಯಾವುದೇ ಇರಲಿ, ಇಬ್ಬರೂ ಕೂಡಿ ವ್ಯವಸ್ಥೆ ನೋಡಿಕೊಳ್ಳತೊಡಗಿದರು. ಫ್ಲೆಕ್ಸಿನ ಬದಲು ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿದ ಹೆಸರು. ಬಾಟಲಿಯ ಬದಲು ಮಣ್ಣಿನ ಹರವಿ, ಸ್ಟೀಲಿನ ಲೋಟ. ಊಟಕ್ಕೆ ಮುತ್ತಲದ ಎಲೆ ಹೊಲಿದು ಮಾಡಿದ ಪತ್ರೋಳಿ. ಸುತ್ತಲಿನ ಹಳ್ಳಿಯ ಚೆಂಡುಹೂವು, ಸೇವಂತಿಗೆ. ಮದುವೆ ಮುಗಿದ ಮೇಲೆ ಹೂವು, ಎಲೆ ಎಲ್ಲವೂ ಯಾವುದೋ ರೈತನ ತಿಪ್ಪೆ ಸೇರಿ ಗೊಬ್ಬರವಾಗಬೇಕು. ಉಳಿದ ಅನ್ನ ಬಿಸಿ ಆರುವ ಮೊದಲೇ ಹಾಸ್ಟೆಲ್ ಮಕ್ಕಳಿಗೆ ತಲುಪಬೇಕು.

ಮೊದಲು ಜನ ನಕ್ಕರು. "ಬಡವರ ಮದುವಿ ಮಾಡ್ಸಾಕತ್ತಾಳ ಟೀಚರ್," ಎಂದರು. ಮರುವರ್ಷ ಅವರೇ ಹೇಳಿ ಕಳಿಸಿದರು. ಸುನಂದಾ ನಿಂತ ಮದುವೆಯಲ್ಲಿ ಹುಗ್ಗಿ ಕಡಿಮೆ ಬೀಳುತ್ತಿರಲಿಲ್ಲ, ಚೆಲ್ಲುತ್ತಲೂ ಇರಲಿಲ್ಲ. ಮುದ್ದೇಬಿಹಾಳ, ಸಿಂದಗಿ, ಬಸವನ ಬಾಗೇವಾಡಿಯಿಂದೆಲ್ಲ ಫೋನುಗಳು ಬರತೊಡಗಿದವು. ಅವಳಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. ನಾವು ಒಲ್ಲೆವು ಅಂದರೆ ಅವರು ಮತ್ತೆ ಥರ್ಮಾಕೋಲ್ ತಟ್ಟೆಗೇ ಹೋಗುತ್ತಾರೆ ಎಂಬುದು ಅವಳ ವಾದ.

ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಸ್ಪರ್ಶ ಕಡಿಮೆಯಾದ ಕಾಲಿನ ಕಡೆ ಲಕ್ಷ್ಯ ಇರಬೇಕು, ಬರಿಗಾಲಲ್ಲಿ ಓಡಾಡಬಾರದು ಎಂದು ಡಾಕ್ಟರ್ ಹೇಳಿದ್ದರು. ಮದುವೆಯ ಮನೆಯಲ್ಲಿ ಇದ್ಯಾವುದೂ ನಡೆಯುತ್ತಿರಲಿಲ್ಲ. ಅಡುಗೆಯ ಕೋಣೆಗೂ ಅಕ್ಷತೆಯ ಮಂಟಪಕ್ಕೂ ನಡುವೆ ಓಡಾಡುವ ಹೆಂಗಸು ಚಪ್ಪಲಿ ಮೆಟ್ಟಿದರೆ ಹಿರಿಯರ ಮೋರೆ ಕೆಡುತ್ತದೆ. ಊಟಕ್ಕೆ ಕುಳಿತರೆ ಯಾರಾದರೂ ಕರೆಯುತ್ತಾರೆ. ಕೊನೆಯ ಪಂಕ್ತಿ ಎದ್ದ ಮೇಲೆ, ಉಳಿದದ್ದನ್ನೆಲ್ಲ ಹಾಸ್ಟೆಲ್ಲಿಗೆ ಕಳಿಸಿದ ಮೇಲೆ, ಪಾತ್ರೆಯ ತಳಕ್ಕೆ ಅಂಟಿದ ಅನ್ನವನ್ನು ಕೆರೆದು ಅವಳು ಉಣ್ಣುತ್ತಿದ್ದಳು. ಕೆಲವೊಮ್ಮೆ ಅದೂ ಇರುತ್ತಿರಲಿಲ್ಲ.

"ಅಕ್ಕೋರ, ಒಂದ್ ತುತ್ತು ಉಂಡು ನಿಂದರ್ರಿ," ಎಂದು ತರನ್ನುಮ ರೊಟ್ಟಿ ಹಿಡಿದು ಹಿಂದೆ ಹಿಂದೆ ಬರುತ್ತಿದ್ದಳು.

"ಮಂದಿ ಉಣ್ಣಲಿ ತಡಿ. ನಾವು ಮನಿಯವರು."

ಬಸವ ಜಯಂತಿಯ ಆಸುಪಾಸು ಮದುವೆಗಳ ಸುಗ್ಗಿ. ಆ ವರ್ಷ ಮುದ್ದೇಬಿಹಾಳದ ಮದುವೆ ಮುಗಿಸಿ ಬಂದ ಸಂಜೆ ಸುನಂದಾ ಮನೆಯೊಳಗೆ ನಡೆದು ಹೋದ ಮೇಲೆ, ಪರಪ್ಪ ನೆಲದ ಮೇಲೆ ಸಣ್ಣ ಸಣ್ಣ ಕಲೆಗಳನ್ನು ಕಂಡ. ಬಗ್ಗಿ ಮುಟ್ಟಿ ನೋಡಿದ. ರಕ್ತ.

"ಕಾಲಿಗೆ ಏನಾಗೈತಿ?"

"ನನ್ನ ಕಾಲಿಗಾ?" ಅವಳು ಅಂಗಾಲು ತಿರುಗಿಸಿ ನೋಡಿಕೊಂಡಳು. ಹೆಬ್ಬೆರಳ ಬುಡದಲ್ಲಿ ಮೊಳೆಯೊಂದು ತಲೆಯವರೆಗೂ ಹೊಕ್ಕಿತ್ತು. ಯಾವಾಗ ಚುಚ್ಚಿತೋ ಅವಳಿಗೆ ಗೊತ್ತಿರಲಿಲ್ಲ. ನೋವೇ ಇರಲಿಲ್ಲ.

ಪರಪ್ಪ ಮೊಳೆ ಕಿತ್ತು, ಗಾಯ ತೊಳೆದು ಬಟ್ಟೆ ಕಟ್ಟಿದ. "ಮೊಳಿ ಹೊಕ್ಕಿದ್ದು ಗೊತ್ತಾಗಲಿಲ್ಲಂದ್ರ ಹೆಂಗ? ನಾಳೆ ದವಾಖಾನಿಗೆ ಹೋಗೂಣು."

ಇಂಜೆಕ್ಷನ್ ಮಾಡಿಸಿಕೊಂಡು ಬಂದಳು. ದಿನಾ ಬಂದು ಡ್ರೆಸ್ಸಿಂಗ್ ಮಾಡಿಸಿಕೊಳ್ಳಬೇಕು, ನಡೆಯಬಾರದು ಎಂದು ಡಾಕ್ಟರ್ ಹೇಳಿದ್ದನ್ನು ತರನ್ನುಮಳಿಗೆ ಹೇಳಲಿಲ್ಲ. ಮುಂದಿನ ವಾರ ಬಸವನ ಬಾಗೇವಾಡಿಯಲ್ಲಿ ದೊಡ್ಡ ಮದುವೆಯೊಂದನ್ನು ಒಪ್ಪಿಕೊಂಡಿದ್ದರು. ಅದೊಂದು ಮುಗಿಯಲಿ, ಆಮೇಲೆ ಮಲಗಿದರಾಯಿತು ಅಂದುಕೊಂಡಳು. ಅವಳು ಹೊರಡುವ ದಿನ ಪರಪ್ಪ ಡ್ಯೂಟಿಗೆ ಹೋಗುವ ಮುನ್ನ ಜಗಳ ಮಾಡಿದ. ಅವನು ಹಾಗೆ ದನಿ ಎತ್ತಿದ್ದೇ ಅಪರೂಪ.

"ಊರ ಮಂದಿ ಎಲಿ ಮ್ಯಾಲಿನ ಅನ್ನ ಕೆಡಬಾರದು ಅಂತಿ. ನಿನ್ನ ಕಾಲು ಕೆಡಾಕತ್ತೈತಿ, ಅದಕ್ಕ ಏನಂತಿ?"

"ಇದೊಂದ್ ಮದುವಿರಿ," ಎಂದಳು ಅವಳು.

ಬಾಗೇವಾಡಿಯ ಮಂಟಪದಲ್ಲಿ ಬೆಳಗಿನಿಂದ ಮಲ್ಲಿಗೆ ಮಾಲೆ ಕಟ್ಟಿಸುತ್ತಿದ್ದ ತರನ್ನುಮಳಿಗೆ ಎಲ್ಲಿಂದಲೋ ಕೆಟ್ಟ ವಾಸನೆ ಬಂತು. ಎಲ್ಲೋ ಪಲ್ಯ ಹಳಸಿರಬೇಕು ಅಂದುಕೊಂಡಳು. ಅಡುಗೆಯ ಕೋಣೆಗೆ ಓಡಿ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದಳು. ಎಣ್ಣೆಗಾಯಿ ಘಮಘಮಿಸುತ್ತಿತ್ತು. ಮೊಸರು ಸರಿಯಾಗಿತ್ತು. ಚರಂಡಿ ನೋಡಿದಳು, ತರಕಾರಿಯ ಬುಟ್ಟಿ ನೋಡಿದಳು. ಏನೂ ಇಲ್ಲ. ಸುನಂದಾ ಅಡುಗೆಯವನಿಗೆ ಏನೋ ಹೇಳುತ್ತ ಪಕ್ಕದಲ್ಲಿ ಹಾದುಹೋದಾಗ ಆ ವಾಸನೆ ಮತ್ತೆ ಬಂತು. ಅವಳು ಮುಂದೆ ಹೋದಂತೆ ಅದೂ ಹೋಯಿತು.

ತರನ್ನುಮ ಅವಳ ರಟ್ಟೆ ಹಿಡಿದು ಸಾಮಾನಿನ ಕೋಣೆಗೆ ಕರೆದೊಯ್ದು, ಅಕ್ಕಿಯ ಚೀಲದ ಮೇಲೆ ಕೂರಿಸಿ, ಕಾಲಿನ ಬಟ್ಟೆ ಬಿಚ್ಚಿದಳು. ಎರಡು ಬೆರಳು ಕಪ್ಪಾಗಿದ್ದವು. ಪಾದ ಹಿಮ್ಮಡಿಯವರೆಗೆ ಬಾತಿತ್ತು.

"ಯಾ ಅಲ್ಲಾ! ಅಕ್ಕೋರ, ಏನ್ ಮಾಡ್ಕೊಂಡ್ರಿ ಇದು?"

"ಚೀರಬ್ಯಾಡ. ಶುಭಕಾರ್ಯದ ಮನಿ."

"ಗಾಡಿ ತರಸ್ತೇನಿ. ವಿಜಯಪುರಕ್ಕ ಹೋಗೂಣು."

"ಅಕ್ಷತಾ ಬೀಳಲಿ. ಒಂದ್ ಪಂಕ್ತಿ ಏಳಲಿ. ನೀ ಒಬ್ಬಾಕಿನ ಹೆಂಗ ಸಂಭಾಳಿಸ್ತಿ?"

"ಸಂಭಾಳಿಸ್ತೇನ್ರಿ. ಮದುವಿ ಕೆಟ್ಟರ ಕೆಡಲಿ. ಏಳ್ರಿ."

ಸುನಂದಾ ಏಳಲಿಲ್ಲ. ತನ್ನ ಕೈಯಿಂದಲೇ ಬಟ್ಟೆ ಮತ್ತೆ ಸುತ್ತಿಕೊಂಡು, ಮೇಲೆ ಸೀರೆಯ ನೆರಿಗೆ ಇಳಿಬಿಟ್ಟು ಹೊರಗೆ ಹೋದಳು. ತರನ್ನುಮ ಅಲ್ಲಿಂದಲೇ ಪರಪ್ಪನಿಗೆ ಫೋನು ಮಾಡಿದಳು. ಅವನ ಬಸ್ಸು ಸೋಲಾಪುರದಲ್ಲಿತ್ತು. ಅವನು ಬೇರೊಬ್ಬನಿಗೆ ಡ್ಯೂಟಿ ಒಪ್ಪಿಸಿ ಬಾಗೇವಾಡಿ ಮುಟ್ಟುವಷ್ಟರಲ್ಲಿ ಮಂಟಪ ಖಾಲಿಯಾಗಿತ್ತು. ಮದುವೆ ಚೆನ್ನಾಗಿ ಆಗಿತ್ತು. ಒಂದು ಹಿಡಿ ಅನ್ನ ಚೆಲ್ಲಿರಲಿಲ್ಲ. ಸುನಂದಾ ಗೋಡೆಗೆ ಒರಗಿ ಕುಳಿತಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಗಂಡನನ್ನು ನೋಡಿ, "ಹರವಿ ಎಣಿಸಿ ಇಡಸ್ರಿ," ಎಂದಳು. ಅದಾದ ಮೇಲೆ ಅವಳಿಗೆ ಏನೂ ನೆನಪಿಲ್ಲ.

ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರ್ ಪರಪ್ಪನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ನಂಜು ಮೇಲೇರುತ್ತಿದೆ. ಮೊಣಕಾಲಿನ ಕೆಳಗೆ ತೆಗೆಯದಿದ್ದರೆ ಜೀವಕ್ಕೆ ಅಪಾಯ. ಅವನು ಒಪ್ಪಿಗೆ ಕೊಟ್ಟು ಹೊರಗೆ ಬಂದು ಬೆಂಚಿನ ಮೇಲೆ ಕುಳಿತ. ತರನ್ನುಮ ಪಕ್ಕದಲ್ಲಿ ಕುಳಿತು, ತಲೆಯ ಮೇಲಿನ ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. "ನಾ ಆಗ್ಲೇ ಅಕ್ಕೋರನ್ನ ಎಳಕೊಂಡು ಬರಬೇಕಿತ್ರಿ ಕಾಕಾ," ಎಂದಳು. ಪರಪ್ಪ ಅವಳ ತಲೆ ಸವರಿದ. "ಅಕಿನ್ನ ಯಾರಿಗೂ ಎಳಿಯಾಕ ಆಗಿಲ್ಲವ್ವಾ," ಎಂದ.

ಮಾತಾಡುವಷ್ಟು ಚೇತರಿಸಿಕೊಂಡ ದಿನ ಸುನಂದಾ ಗಂಡನನ್ನು ಹತ್ತಿರ ಕರೆದಳು.

"ನನ್ನ ಕಾಲು ಏನ್ ಮಾಡಿದ್ರಿ?"

ಪರಪ್ಪ ಕಿಟಕಿಯ ಕಡೆ ನೋಡಿದ. "ಕೇಳಿದ್ದೆ. ಹೊಲದಾಗ ನಮ್ಮವ್ವನ ಗದ್ದಗಿ ಬಾಜೂಕ ಮಣ್ಣು ಕೊಡ್ತೇನಿ ಅಂದೆ. ಕಾಯ್ದೆ ಪ್ರಕಾರ ದವಾಖಾನಿಯವ್ರ ಸುಡತಾರಂತ. ಆಗಿಂದಾಗ ಒಯ್ದ್ರು."

"ಹೆಂಗ ಒಯ್ದ್ರು?"

ಅವನು ಅವಳ ಹೊದಿಕೆ ಸರಿಮಾಡಿದ. ಅವಳು ಮತ್ತೆ ಕೇಳಿದಳು.

"ಹಳದಿ ಚೀಲದಾಗ."

"ಪ್ಲಾಸ್ಟಿಕ್ಕಿಂದಾ?"

"ಹೌದು."

ಇಷ್ಟು ವರ್ಷ ಊರೂರಿನ ಮದುವೆಯ ಹೂವು, ಎಲೆ, ಬಾಡಿದ ಮಾಲೆಯನ್ನೆಲ್ಲ ಮಣ್ಣಿಗೆ ಮುಟ್ಟಿಸಿದವಳು ಸುನಂದಾ. ಅವಳು ಗೋಡೆಯ ಕಡೆ ಹೊರಳಿದಳು. ಪರಪ್ಪ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತೇ ಇದ್ದ. ಅವಳು ಸದ್ದಿಲ್ಲದೆ ಅಳುತ್ತಿದ್ದಾಳೆಂದು ಆ ಕೈಗೆ ಗೊತ್ತಾಗುತ್ತಿತ್ತು.

ಮನೆಗೆ ಬಂದ ಮೇಲೆ ಅವಳು ಫೋನು ಎತ್ತುವುದನ್ನೇ ಬಿಟ್ಟಳು. ನೋಡಲು ಬಂದವರು, ಇಂಥ ಪುಣ್ಯದ ಕೆಲಸ ಮಾಡಿದವಳಿಗೆ ದೇವರು ಹೀಗೆ ಮಾಡಬಾರದಿತ್ತು ಎನ್ನುತ್ತಿದ್ದರು. ಅವಳಿಗೆ ಸಿಟ್ಟು ಬರುತ್ತಿತ್ತು. ಇದರಲ್ಲಿ ದೇವರದೇನಿದೆ? ಸಿಂದಗಿಯಿಂದ ಮಗಳು ಬಂದು ಕೆಲವು ದಿನ ಇದ್ದು, ತಲೆ ಬಾಚಿ, ಊಟ ಮಾಡಿಸಿ ಹೋದಳು. ಊರುಗೋಲು ಮೂಲೆಯಲ್ಲೇ ಇತ್ತು. ಇಲ್ಲದ ಪಾದ ಉರಿಯುತ್ತದೆ ಎಂದು ಸುನಂದಾ ನಿದ್ದೆಗೆಡುತ್ತಿದ್ದಳು. ಮೊಳೆ ಹೊಕ್ಕಾಗ ಬಾರದ ನೋವು ಈಗ ಬರುತ್ತಿತ್ತು.

ಶ್ರಾವಣ ಕಳೆದು ಮತ್ತೆ ಮದುವೆಗಳ ಮಾತುಕತೆ ಶುರುವಾದಾಗ ತರನ್ನುಮ ಬಂದಳು.

"ಅಕ್ಕೋರ, ನಾ ಕೆಲಸ ಮುಂದುವರಸ್ತೇನಿ. ಖರೆ ನಿಮ್ಮಂಗ ಮಾಡಂಗಿಲ್ಲ."

"ಮತ್ತ?"

"ಒಂದ್ ಮದುವಿ ಮುಗದು ಎಲ್ಲಾರೂ ದಣಿವು ಆರಿಸ್ಕೊಳ್ಳೂತನ ಇನ್ನೊಂದು ಹಿಡಿಯಂಗಿಲ್ಲ. ಸಂಜಿ ಆದ ಮ್ಯಾಲ ಫೋನ್ ಎತ್ತಂಗಿಲ್ಲ. ಅಡಗಿ ಮನ್ಯಾಗ ಯಾರೂ ಬರಿಗಾಲಲೆ ತಿರಗಬಾರದು. ಮೊದಲ ಪಂಕ್ತಿಗಿಂತ ಮೊದಲ ಕೆಲಸದವ್ರು ಉಣ್ಣಬೇಕು. ಕಬೂಲ್ ಇದ್ರ ಕರೀಲಿ, ಇಲ್ಲಂದ್ರ ಬಿಡಲಿ."

"ಬೀಗರಕಿಂತ ಮೊದಲ ಉಂಡ್ರ ಮಂದಿ ಏನಂತಾರ?"

"ಅಂದಾರ್ರಿ. ಮುದ್ದೇಬಿಹಾಳದ ಒಬ್ಬ ಸಾಹುಕಾರ್ರು, ನಮ್ಮ ಮನ್ಯಾಗ ಇಂಥ ಪದ್ಧತಿ ನಡಿಯಂಗಿಲ್ಲ ಅಂತ ಬ್ಯಾರೇದವ್ರನ್ನ ಕರಕೊಂಡ್ರು."

ಸುನಂದಾಳ ಮುಖ ಬಿಗಿಯಿತು. "ಅಲ್ಲಿ ಮತ್ತ ಪ್ಲಾಸ್ಟಿಕ್ ಸುಡತಾರ ನೋಡು."

"ಸುಡಲ್ರಿ!" ತರನ್ನುಮಳ ದನಿ ಒಡೆಯಿತು. "ಎಲಿ ಮಣ್ಣಾಗಬೇಕು, ಹೂವು ಮಣ್ಣಾಗಬೇಕು ಅಂತ ನೀವ ಕಲಿಸಿದ್ರಿ. ನಾವೂ ಮಣ್ಣಾಗಬೇಕು ಅಂತ ಯಾರ್ ಹೇಳಿದ್ರು? ಆ ವಾಸನಿ ಇನ್ನೂ ನನ್ನ ಮೂಗಿನಾಗ ಐತ್ರಿ ಅಕ್ಕೋರ. ಮಲ್ಲಿಗಿ ಮುಟ್ಟಿದ್ರ ಅದ ಬರ್ತೈತಿ."

ಸುನಂದಾ ಮಜ್ಜಿಗೆಯ ಲೋಟವನ್ನು ಅವಳತ್ತ ಸರಿಸಿದಳು. ಹುಡುಗಿ ಕಣ್ಣೊರೆಸಿಕೊಂಡು, ಮಜ್ಜಿಗೆ ಕುಡಿದು ಹೋದಳು.

ಆ ಹಂಗಾಮಿನಲ್ಲಿ ಸಿಂದಗಿಯ ಒಂದು ಮದುವೆಗೆ, ಮಗಳ ಅತ್ತೆಯ ಮನೆಯವರ ಒತ್ತಾಯಕ್ಕೆ ಸುನಂದಾ ಹೋದಳು. ಪರಪ್ಪ ರಜೆ ಹಾಕಿ ಜೊತೆಗೆ ಬಂದ. ವ್ಯವಸ್ಥೆ ತರನ್ನುಮಳದು. ಮಂಟಪದ ಹಿಂದಿನ ನೆರಳಿನಲ್ಲಿ ಚಾಪೆ ಹಾಸಿ, ಬಡಿಸುವವರು, ಪಾತ್ರೆ ತಿಕ್ಕುವ ಹೆಂಗಸರು, ಶಾಮಿಯಾನದವರು ಎಲ್ಲ ಸಾಲಾಗಿ ಊಟಕ್ಕೆ ಕುಳಿತಿದ್ದರು. ಸುನಂದಾಳನ್ನು ಕುರ್ಚಿಯ ಮೇಲೆ ಕೂರಿಸಿ ಅವಳಿಗೂ ಎಲೆ ಇಟ್ಟರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿಯ ಚಟ್ನಿ. ಒಳಗೆ ಇನ್ನೂ ಅಕ್ಷತೆ ಬಿದ್ದಿರಲಿಲ್ಲ. ಅವಳಿಗೆ ತುತ್ತು ಇಳಿಯಲಿಲ್ಲ. ಆದರೂ ಉಂಡಳು.

ಅಷ್ಟರಲ್ಲಿ ಅಡುಗೆಯ ಕೋಣೆಯಲ್ಲಿ ದೊಡ್ಡ ಪಾತ್ರೆಯೊಂದು ಉರುಳಿದ ಸದ್ದಾಯಿತು. ಯಾರೋ ಕೂಗಿದರು. ಸುನಂದಾ ದಡಕ್ಕನೆ ಎದ್ದಳು. ಎದ್ದು, ಇಲ್ಲದ ಕಾಲನ್ನು ನೆಲಕ್ಕೂರಿದಳು. ಎಲೆಯ ಸಮೇತ ಮುಗ್ಗರಿಸಿ ಬಿದ್ದಳು. ಪರಪ್ಪ ಓಡಿ ಬಂದ. ತರನ್ನುಮ ಅಡುಗೆಯ ಕೋಣೆಗೆ ಹೋಗದೆ ಇತ್ತ ಓಡಿ ಬಂದು ಅವಳ ಪಕ್ಕ ಮಂಡಿಯೂರಿದಳು.

"ಅಲ್ಲಿ ನೋಡು ಮೊದಲ. ಸಾರು ಚೆಲ್ಲಿತೇನೋ," ಎಂದಳು ಸುನಂದಾ.

"ಅಲ್ಲಿ ನೋಡಾಕ ಮಂದಿ ಅದಾರ್ರಿ."

ನಿಜವಾಗಿಯೂ ಇದ್ದರು. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಬಂದು, ಚೆಲ್ಲಿದ್ದು ನೀರು, ಯಾರಿಗೂ ಏನೂ ಆಗಿಲ್ಲ ಎಂದು ಹೇಳಿ ಹೋದಳು. ಒಳಗೆ ವಾದ್ಯ ಜೋರಾಯಿತು. ಅಕ್ಷತೆ ಬಿತ್ತು. ತರನ್ನುಮ ಅವಳ ಸೆರಗಿಗೆ ಅಂಟಿದ ಹಿಂಡಿ ಒರೆಸಿ, ಬೇರೆ ಎಲೆ ತಂದಿಟ್ಟಳು. ಸುನಂದಾ ಬೇಡ ಎಂದು ತಲೆಯಾಡಿಸಿ, "ಮನಿಗೆ ಹೋಗೂಣ್ರಿ," ಎಂದಳು ಗಂಡನಿಗೆ.

ಬಾಡಿಗೆಯ ಕಾರು ಇಂಡಿಯ ರಸ್ತೆ ಹಿಡಿಯಿತು. ಎರಡೂ ಬದಿಯ ತೊಗರಿಯ ಹೊಲಗಳಲ್ಲಿ ಬಿಸಿಲು ಹರಡಿತ್ತು. ಪರಪ್ಪ ಕಿಟಕಿಯ ಗಾಜು ಇಳಿಸಿದ.

"ನಾ ಇಲ್ದನೂ ಮದುವಿ ಆತು ನೋಡ್ರಿ," ಎಂದಳು ಸುನಂದಾ.

"ಹೌದು."

"ಮೊದಲೂ ಆಗ್ತಿತ್ತೇನೋ."

ಪರಪ್ಪ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ, ಅಷ್ಟೇ.