ಮೂರನೇ ಚೇಂಬರಿನ ಕತ್ತಲೆ

ಮೊಣಕೈಗೆ ಏನೋ ತಣ್ಣಗೆ ತಾಗಿತು, ಎಲೆಯೇ ಇರಬೇಕು, ಹೌದು, ರಾಗಿಯ ಎಲೆ, ಅಂಚು ಒರಟು, ಹೆದರಬೇಡ ಮಗಳೇ, ನಾನೇ, ಅಸೆಕೆನ್ಯೆ, ನಿಮ್ಮ ರಾತ್ರಿಯೊಳಗೆ ಬಂದು ಕೂತಿದ್ದೇನೆ — ಹೊರಗೆ ಹಗಲು ಹತ್ತು ಗಂಟೆ, ನಮ್ಮ ಸೊರೊಟಿ ಊರಿನ ಬಂಡೆ ಇಷ್ಟುಹೊತ್ತಿಗೆ ಕಾದು ಹೆಂಚಾಗಿರುತ್ತದೆ, ಬೆಳೆ ಸಂಶೋಧನಾ ಕೇಂದ್ರದ ಈ ಕಿಟಕಿಯಿಲ್ಲದ ಚೇಂಬರಿನಲ್ಲಿ ಮಾತ್ರ ಬೆಳಿಗ್ಗೆ ಎಂಟಕ್ಕೆ ನಾನು ದೀಪ ಆರಿಸಿದರೆ ರಾತ್ರಿ, ಸಂಜೆ ಎಂಟಕ್ಕೆ ಹೊತ್ತಿಸಿದರೆ ಹಗಲು, ಸೂರ್ಯನ ಕೆಲಸ ಇಪ್ಪತ್ತೆರಡು ವರ್ಷದಿಂದ ನನ್ನದು, ಒಂದು ದಿನವೂ ತಡವಾಗಿಲ್ಲ, ಸೂರ್ಯನಾದರೂ ಮೋಡ ಬಂದರೆ ಮುಖ ಮುಚ್ಚಿಕೊಳ್ಳುತ್ತಾನೆ. ಕಾಲು ಗಂಟೆ ಕೂರಬೇಕು, ಕಣ್ಣು ಕತ್ತಲೆಗೆ ಒಗ್ಗುವ ತನಕ ಸಣ್ಣ ಬೆಳಕು ಕಾಣುವುದಿಲ್ಲ, ಹೊಸಬರಿಗೆ ಆ ತಾಳ್ಮೆ ಎಲ್ಲಿ, ಎರಡು ನಿಮಿಷಕ್ಕೆ ಜೇಬಿನಿಂದ ಫೋನ್ ತೆಗೆಯುತ್ತಾರೆ, ಫೋನ್ ಬೆಳಗಿತೋ ಕೆಟ್ಟಿತು, ಯಾಕೆಂದರೆ ರಾಗಿ ಎಣಿಸುವುದು ಹಗಲನ್ನಲ್ಲ, ರಾತ್ರಿಯನ್ನು. ಹನ್ನೆರಡು ಗಂಟೆ ಎಡೆಬಿಡದ ಕತ್ತಲೆ ಸಿಕ್ಕರೆ ತೆನೆ, ನಡುವೆ ಬೆಳಕು ನುಸುಳಿದರೆ ಬರೀ ಸೊಪ್ಪು. ಪಕ್ಕದ ಚೇಂಬರಿನಲ್ಲಿರುವ ಕೇಂದ್ರದ ತಳಿ ಅಷ್ಟು ಹಟಮಾರಿಯಲ್ಲ, ಆದರೆ ನಮ್ಮತ್ತೆಯ ರಾಗಿ ಥೇಟ್ ನಮ್ಮತ್ತೆಯೇ, ಸಾಸಿವೆಯಷ್ಟು ತಪ್ಪಿದರೂ ಮುಖ ತಿರುಗಿಸುತ್ತದೆ.

ಬೆಳಿಗ್ಗೆ ಡಾಕ್ಟರ್ ಎತೋಲು ಕೇಂದ್ರದ ಜೋಳದ ವಿಭಾಗದವರನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದ, ಡಾಕ್ಟರ್ ಆಗುವ ಮೊದಲು ಕುಂಡಕ್ಕೆ ಮಣ್ಣು ತುಂಬುವುದನ್ನು ಇವನಿಗೆ ಕಲಿಸಿದವಳೇ ನಾನು, ಈಗಲೂ ಅಮ್ಮಾ ಎಂದೇ ಕರೆಯುತ್ತಾನೆ — ಅಮ್ಮಾ, ಐವತ್ತೆಂಟು ದಿನ ಆಯ್ತು, ಪಕ್ಕದ ಚೇಂಬರಲ್ಲಿ ತೆನೆ ಹಾಲು ತುಂಬ್ಕೊಂಡಿದೆ, ನಿಮ್ಮತ್ತೆ ರಾಗಿ ಇನ್ನೂ ಹುಲ್ಲಾಗೇ ನಿಂತಿದೆ, ಬೀಜನೇ ಸರಿಯಿಲ್ಲ, ಮಧ್ಯಾಹ್ನ ಕೀಳಿಸ್ಬಿಡ್ತೀನಿ, ಇವ್ರಿಗೆ ಜಾಗ ಬೇಕಂತೆ. ಬೀಜ ಸರಿಯಾಗಿದೆ ಡಾಕ್ಟರೇ, ರಾತ್ರಿ ಸರಿಯಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕಾ ಅಮ್ಮಾ? ಜೋಳದವರು ನಕ್ಕರು, ನಗಲಿ. ಕಾಲು ಗಂಟೆ ಕೊಡಿ, ಒಳಗೆ ಕೂತು ಬೆಳಕು ಎಲ್ಲಿ ಸೋರುತ್ತೆ ಅಂತ ತೋರಿಸ್ತೀನಿ. ಸರಿ, ತೋರ್ಸಿ, ತೋರ್ಸಿದ್ರೆ ಗಿಡ ಇರುತ್ತೆ, ಆದ್ರೆ ಒಂದು ಮಾತು, ಯಾರ ಕೈಯಿಂದ ಸೋರಿದೆಯೋ ಅವ್ರು ಇನ್ಮೇಲೆ ಚೇಂಬರ್ ಕಡೆ ತಲೆ ಹಾಕೋ ಹಾಗಿಲ್ಲ, ಯಾರೇ ಆಗಿರಲಿ. ಆಗಲಿ ಎಂದೆ, ಎದೆ ಸೆಟೆಸಿಯೇ ಎಂದೆ, ಯಾಕೆಂದರೆ ಯಾರ ಕೈ ಎಂದು ನನಗೆ ಗೊತ್ತಿತ್ತು, ವಯರಿಂಗ್ ಒಲುಕ, ಹೋದ ತಿಂಗಳು ಎಲ್ಲರ ಕಣ್ಣೆದುರೇ ಈ ಚಾವಣಿಯಲ್ಲಿ ತೂತು ಕೊರೆದವನು, ಮುಚ್ಚಿದೀನಕ್ಕಾ ಅಂದ, ಅವನ ಮುಚ್ಚುವಿಕೆ ನನಗೆ ಗೊತ್ತಿಲ್ಲವೇ. ಅವನೀಗ ಮಾವನ ಮಣ್ಣಿಗೆ ಹೋಗಿದ್ದಾನೆ, ಬರುವುದು ಗುರುವಾರ.

ಚಾವಣಿ ನೋಡುತ್ತಿದ್ದೇನೆ, ಕತ್ತಲೆ, ಬರೀ ಕತ್ತಲೆ, ಹದಿನಾರು ಕುಂಡ ಸುತ್ತಲೂ ಉಸಿರಾಡುತ್ತಿವೆ, ಅತ್ತೆಯ ಬೀಜವೆಂದು ಲೋಕದಲ್ಲಿ ಉಳಿದಿರುವುದು ಇಷ್ಟೇ, ಊರಲ್ಲಿ ಈಗ ಎಲ್ಲರೂ ಬೇಗ ಬರುವ ತಳಿ ಬಿತ್ತುತ್ತಾರೆ, ಒಲೆಯ ಮೇಲೆ ಹೊಗೆಯಲ್ಲಿ ತೂಗುತ್ತಿದ್ದ ಸೋರೆಬುರುಡೆಯನ್ನು ಇಳಿಸಿ ಅತ್ತೆ ಅಕುರುತ್ ನನ್ನ ಕೈಗೆ ಕೊಟ್ಟಳು, ಮಗನ ಕೈಗಲ್ಲ, ಅವನು ಬೀಜಾನೂ ಹೆಂಡ ಮಾಡಿ ಕುಡಿದುಬಿಡ್ತಾನೆ ಕಣೇ, ತಗೋ, ನಿನ್ನ ಪೆಟ್ಟಿಗೇಲಿ ಬೆಳೀತೀಯಂತಲ್ಲ, ದೇವರು ಪುಕ್ಕಟೆ ಬಿಸಿಲು ಕೊಟ್ರೆ ಇವಳು ಬಿಸಿಲಿಗೂ ಬೀಗ ಹಾಕ್ತಾಳೆ, ಎಂದು ನಕ್ಕಳು, ಇದರ ಮುದ್ದೆ ತಿಂದು ಎಂಟು ಮಕ್ಕಳು ಬೆಳೆದದ್ದು, ಇದರ ಹೆಂಡದ ಮಡಕೆಗೆ ಎರಡೂ ಮನೆಯವರು ಉದ್ದನೆಯ ಕೊಳವೆ ಇಳಿಸಿ ಹೀರಿದ ಮೇಲೆಯೇ ನನ್ನ ಮದುವೆಯ ಮಾತು ಮುಗಿದದ್ದು. ಕಾಪಾಡ್ತೀನಿ ಅತ್ತೆ ಎಂದಿದ್ದೆ. ಕಾಪಾಡಿದ್ದೇನೆ ಕೂಡ, ಇದನ್ನು ಮೂರನೇ ಚೇಂಬರಿಗೆ ತಂದ ಮೇಲೆ ಉಳಿದವಕ್ಕಿಂತ ಈ ಚೇಂಬರನ್ನೇ ಹೆಚ್ಚು ಚೆನ್ನಾಗಿ ನೋಡಿಕೊಂಡಿದ್ದೇನೆ.

ಚಾವಣಿಯಲ್ಲಿ ಏನೂ ಇಲ್ಲ. ಒಲುಕ ಮುಚ್ಚಿದ್ದಾನೆ, ಅಚ್ಚುಕಟ್ಟಾಗಿಯೇ ಮುಚ್ಚಿದ್ದಾನೆ, ಅರೆ — ಎಡಗಡೆ, ಕೆಳಗೆ, ಏನದು, ಕಣ್ಣಿನ ಭ್ರಮೆಯೇ, ರೆಪ್ಪೆ ಮುಚ್ಚಿ ತೆರೆದೆ, ಇದೆ, ಬಾಗಿಲಿನ ಎಡ ಮೂಲೆಯಲ್ಲಿ, ರಾಗಿಕಾಳಿನಷ್ಟು ಬೆಳಕು, ಓಣಿಯ ಟ್ಯೂಬ್‌ಲೈಟಿನದು, ನೋಡಿದಿಯಾ ಎತೋಲು, ತಪ್ಪು ಬೀಜದ್ದಲ್ಲ ಎಂದು ಹೇಳಲಿಲ್ಲವೇ, ಗೆದ್ದೆ, ನಾನು ಗೆದ್ದೆ ಅತ್ತೆ! ಕುಂಡಗಳ ನಡುವೆ ಮಂಡಿಯೂರಿ ತೆವಳಿದೆ, ಎಲೆಗಳು ಕೆನ್ನೆಗೆ ತೀಡುತ್ತಿವೆ, ಕೈಯಿಟ್ಟರೆ ಬಾಗಿಲ ರಬ್ಬರ್ ಪಟ್ಟಿ ಗಟ್ಟಿಯಾಗಿ ಸಿಗಬೇಕು, ಸಿಗಲಿಲ್ಲ, ಬೆರಳು ಒಳಗೆ ಹೋಯಿತು, ಹಳಸಿದ ಮುದ್ದೆಯ ಹಾಗೆ ಮೆತ್ತಗೆ, ಅಂಟು ಅಂಟು, ಬೆರಳು ಮೂಗಿನ ಹತ್ತಿರ ತಂದೆ, ಶಿಯಾ ಎಣ್ಣೆ.

ಶಿಯಾ ಎಣ್ಣೆ. ನನ್ನ ಮನೆಯದು, ಶಿಯಾ ಮರದ ಬೀಜ ನಾನೇ ಕುಟ್ಟಿ ಕಾಯಿಸಿ ತೆಗೆದದ್ದು. ಹೋದ ವರ್ಷ ಪಟ್ಟಿಗೆ ಹಚ್ಚುವ ಗ್ರೀಸ್ ಮುಗಿದು, ಬೇಕೆಂದು ಬರೆದ ಕಾಗದ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದಾಗ ನಾನೇ ಡಬ್ಬಿ ತಂದೆ, ಒಡೆದ ಹಿಮ್ಮಡಿ ಮೆತ್ತಗಾಗುತ್ತದೆ, ಕೂಸಿನ ಮೈ ಮೆತ್ತಗಾಗುತ್ತದೆ, ಡೋಲಿನ ಚರ್ಮ ಬಿರಿಯುವುದಿಲ್ಲ, ರಬ್ಬರ್ ಯಾವ ಲೆಕ್ಕ, ಭೇಷ್ ಅಮ್ಮಾ ಎಂದು ಎಲ್ಲರೂ ಹೊಗಳಿದರು, ನಾನೂ ಉಬ್ಬಿದೆ. ಪ್ರತಿ ಶುಕ್ರವಾರ ಏಳು ಬಾಗಿಲಿಗೂ ಒಂದೊಂದು ಕೈ, ಮೂರನೆಯದಕ್ಕೆ ಎರಡು, ಅತ್ತೆಯ ರಾಗಿಯಲ್ಲವೇ. ರಬ್ಬರ್ ಎಣ್ಣೆ ಕುಡಿದು ಉಬ್ಬಿ ಕೊಳೆತಿದೆ, ನಾನೇ ಕುಡಿಸಿದ್ದು, ಅಯ್ಯೋ ನನ್ನ ಕರ್ಮವೇ, ಹೆಚ್ಚು ಪ್ರೀತಿ ಮಾಡಿದ ಬಾಗಿಲೇ ಮೊದಲು ಹೋಗಿದೆ.

ಬಾಗಿಲಿಗೆ ಗುದ್ದು, ಎತೋಲುವಿನ ಕೂಗು ದೂರದಿಂದ ಬಂದ ಹಾಗೆ, ಅಮ್ಮಾ, ಆಯ್ತಾ, ಸಿಕ್ತಾ? ಸಿಕ್ತು ಡಾಕ್ಟರೇ. ಅದೇ ಒಲುಕನ ತೂತಾ? — ಒಂದು ಹೂಂ ಸಾಕು, ಒಂದೇ ಒಂದು ಹೂಂ, ಗಿಡವೂ ಉಳಿಯುತ್ತದೆ, ಬೀಗದ ಕೈಯೂ ನನ್ನ ಸೊಂಟದಲ್ಲೇ ಉಳಿಯುತ್ತದೆ, ಗುರುವಾರದೊಳಗೆ ಪಟ್ಟಿ ಬದಲಾಯಿಸಿಬಿಡಬಹುದು, ಅವನು ಮಾವನ ಗುಂಡಿಗೆ ಮಣ್ಣೆಳೆಯುತ್ತಿದ್ದಾನೆ ಪಾಪ, ಎರಡು ವರ್ಷ ಬಿಟ್ಟರೆ ನನಗೆ ನಿವೃತ್ತಿ, ಏಳು ಸೂರ್ಯರನ್ನು ಆಳಿದವಳು ಅಂಗಳ ಗುಡಿಸುತ್ತಾ, ಹೂಂ ಎಂದುಬಿಡು ಅಸೆಕೆನ್ಯೆ, ಅನ್ನು — ಅಲ್ಲ ಡಾಕ್ಟರೇ, ಒಲುಕ ಚೆನ್ನಾಗೇ ಮುಚ್ಚಿದಾನೆ, ಬೀಜಾನೂ ಚೆನ್ನಾಗಿದೆ, ಬಾಗಿಲ ಪಟ್ಟಿ ಕೊಳೆಸಿರೋಳು ನಾನು, ನನ್ನೆಣ್ಣೆ ಹಚ್ಚಿ ಹಚ್ಚಿ, ಕೇಳಿಸ್ತಾ, ಗಿಡ ಮುಟ್ಬೇಡಿ, ಪಟ್ಟಿ ಬದಲಾಯ್ಸಿ ಮೂರು ವಾರ ಒಳ್ಳೆ ಕತ್ತಲೆ ಕೊಡಿ, ತೆನೆ ಬರ್ಲಿಲ್ಲ ಅಂದ್ರೆ ನಾಯಿಗೆ ನನ್ನ ಹೆಸರಿಡಿ. ಎಷ್ಟು ಜೋರಾಗಿ ಹೇಳಿದೆ, ಬೆಳಿಗ್ಗೆ ನಾನು ಹೇಳಿದ್ದೇ ಸರಿಯಾಯಿತಲ್ಲ. ಎದ್ದು ಬಾಗಿಲು ತೆಗೆಯಬೇಕು, ಬೀಗದ ಕೈ ಅವನ ಅಂಗೈಗೆ ಇಡಬೇಕು, ಪಟ್ಟಿಯ ತೂತಿಗೆ ಬೆರಳು ಒತ್ತಿ ಹಿಡಿದಿದ್ದೇನೆ, ಇಷ್ಟು ಹೊತ್ತಾದರೂ ಇವುಗಳಿಗೆ ಸರಿಯಾದ ರಾತ್ರಿ ಇರಲಿ, ಬೆರಳು ತೆಗೆಯಬೇಕು, ತೆಗೆದೆ, ಬೆಳಕು, ಇಟ್ಟೆ, ಇಲ್ಲ, ತೆಗೆದೆ — ಎಡಗಡೆ, ಕೆಳಗೆ, ರಾಗಿಕಾಳಿನಷ್ಟು ಬೆಳಕು.